ನಾಲ್ಕು ನಲವತ್ತರ ಮತ

ಸಭೆ ಎಂದಮೇಲೆ ಅಲ್ಲಿ ತೀರ್ಪು ಕೊಡುವವರು ಒಬ್ಬರು ಬೇಕು. ಆ ತೀರ್ಪು ನಿಯಮಕ್ಕೆ ಸರಿಹೋಗುತ್ತದೆಯೇ ಎಂದು ಅವರ ಕಿವಿಯಲ್ಲಿ ಮೆಲ್ಲಗೆ ಹೇಳುವವರು ಇನ್ನೊಬ್ಬರು ಬೇಕು. ಮೊದಲನೆಯವರನ್ನು ಅಧ್ಯಕ್ಷರು ಎನ್ನುತ್ತಾರೆ. ಎರಡನೆಯವರಿಗೆ ಆ ಬೀದಿಯ ವಾಚನಾಲಯ ಸಂಘದಲ್ಲಿ ‘ಸಭಾ ನಿಯಮ ಸಲಹೆಗಾರರು’ ಎಂದು ಹೆಸರು. ಸಲಹೆಗಾರರು ಬಾಯಿಬಿಟ್ಟು ತೀರ್ಪು ಹೇಳುವಂತಿಲ್ಲ, ಕೈ ಎತ್ತಿ ಮತ ಹಾಕುವಂತಿಲ್ಲ. ಅಧ್ಯಕ್ಷರು ಸಲಹೆಯನ್ನು ಕೇಳಬಹುದು, ಕೇಳಿ ಗಾಳಿಗೆ ಬಿಡಬಹುದು. ಆದರೆ ತೀರ್ಪು ಮಾತ್ರ ಅವರದೇ ಆಗಿರಬೇಕು.

ಇಬ್ಬರ ನಡುವಿನ ಈ ಗೆರೆಯನ್ನು ಸಲಹೆಗಾರರಾದ ಟೈಪಿಂಗ್ ಮೇಷ್ಟ್ರು ಒಂದು ದಿನವೂ ದಾಟಿದವರಲ್ಲ. ಹಾಗಿದ್ದೂ ಊರಿನ ಅರ್ಧ ಜನ ಅವರನ್ನು ಮೋಸಗಾರ ಎಂದರು. ಉಳಿದರ್ಧ ಜನ ಹೆಣದ ಜೊತೆ ಮಾತಾಡುವವರು ಎಂದರು. ಎರಡರಲ್ಲಿ ಯಾವುದು ಹೆಚ್ಚು ಮರ್ಯಾದೆಯದು ಎಂದು ಮೇಷ್ಟ್ರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಮೇಷ್ಟ್ರಿಗೆ ಆ ಹುದ್ದೆ ಸಿಕ್ಕಿದ್ದು ಕ್ಷೌರದ ಅಂಗಡಿಯಲ್ಲಿ. ಅವರು ಮೂವತ್ತು ವರ್ಷ ಟೈಪಿಂಗ್ ಶಾಲೆ ನಡೆಸಿದವರು. ಊರಿನ ಎಲ್ಲ ಸಂಘಗಳ ನಿಯಮಾವಳಿಗಳೂ ಅವರ ಬೆರಳಿನ ಕೆಳಗೇ ಹಾದುಹೋಗಿದ್ದವು. ಬೆರಳಿನ ಕೆಳಗೆ ಹಾದಿದ್ದವೇ ಹೊರತು ತಲೆಯೊಳಗಲ್ಲ. ಟೈಪು ಮಾಡುವವನು ಓದುತ್ತ ಕೂತರೆ ವೇಗ ಸಾಯುತ್ತದೆ ಎಂಬುದು ಅವರು ಮಕ್ಕಳಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠ. ಆದರೂ ಅವತ್ತು ಯಾರೋ ಒಬ್ಬರು ಸರದಿ ತಪ್ಪಿಸಿ ಕ್ಷೌರದ ಕುರ್ಚಿಗೆ ಏರಿದಾಗ ಮೇಷ್ಟ್ರ ಬಾಯಿಂದ ತಾನೇ ತಾನಾಗಿ, “ಇದು ಕ್ರಿಯಾಲೋಪ!” ಎಂದು, ಸಭೆಯಲ್ಲಿ ನಿಯಮ ತಪ್ಪಿದಾಗ ಕೂಗುವ ಮಾತೇ ಹೊರಬಿತ್ತು.

ಕತ್ತರಿ ನಿಂತಿತು. ಸರದಿ ತಪ್ಪಿಸಿದವರು ವಾಚನಾಲಯದ ಅಧ್ಯಕ್ಷರೇ ಆಗಿದ್ದರು. ಅವರು ಕೋಪಿಸಿಕೊಳ್ಳಲಿಲ್ಲ. ಕುರ್ಚಿಯಿಂದ ಇಳಿದು, ಕೊರಳಿನ ಬಿಳಿ ಬಟ್ಟೆಯನ್ನು ಬಿಚ್ಚಿ ಮೇಷ್ಟ್ರ ಕೊರಳಿಗೆ ಕಟ್ಟಿ, “ನಿಯಮ ಬಲ್ಲೋರು ಒಬ್ರು ಬೇಕಾಗಿತ್ತು ನಮಗೆ. ಭಾನುವಾರ ಬಂದ್ಬಿಡಿ” ಎಂದರು.

ಮನೆಯಲ್ಲಿ ಹೆಂಡತಿ ಸುದ್ದಿ ಕೇಳಿ ಸೊಂಟಕ್ಕೆ ಕೈ ಕೊಟ್ಟು ನಿಂತರು. “ಏನ್ರೀ ಅದು, ಸಲಹೆಗಾರರು ಅಂದ್ರೆ ಏನು ಮಾಡ್ಬೇಕು?”

“ಅಧ್ಯಕ್ಷರ ಕಿವಿ ಹತ್ರ ಕೂತು ಮೆಲ್ಲಗೆ ಹೇಳ್ತಾ ಇರ್ಬೇಕು ಕಣೇ.”

“ನನ್ನ ಕಿವಿ ಹತ್ರ ಮೂವತ್ತೈದು ವರ್ಷದಿಂದ ಗೊರಕೆ ಹೊಡೀತಿದ್ದೀರಿ. ಅದಕ್ಕೊಂದು ಹುದ್ದೆ ಕೊಡ್ಲಿಲ್ಲ ಯಾರೂ.”

ಆ ವಾರವೆಲ್ಲ ಮೇಷ್ಟ್ರು ನಿಯಮಾವಳಿಯನ್ನು ಮೊದಲ ಬಾರಿಗೆ ಓದಿದರು. ನಲವತ್ತೆರಡು ನಿಯಮ. ಒಂದೊಂದಕ್ಕೂ ಒಂದೊಂದು ಚೀಟಿ ಸಿಕ್ಕಿಸಿದರು. ಸಿಕ್ಕಿಸಿದ ಮೇಲೆ ಪುಸ್ತಕ ಮುಳ್ಳುಹಂದಿಯ ಹಾಗೆ ಕಾಣತೊಡಗಿತು. ಯಾವ ನಿಯಮ ಬೇಕೆಂದರೂ ಅವರ ಕೈ ಮೊದಲು ಛತ್ರಿ ಇಡುವ ಜಾಗದ ನಿಯಮಕ್ಕೇ ಹೋಗುತ್ತಿತ್ತು.

ಅಧ್ಯಕ್ಷರು ರೈಲ್ವೆಯಲ್ಲಿ ಬಾವುಟ ತೋರಿಸಿ ನಿವೃತ್ತರಾದವರು. ಅವರದು ಬಲು ಕಡಿಮೆ ಮಾತು. ಸಭೆ ಶುರುವಾದ ಕೂಡಲೇ ಕಣ್ಣು ಮುಚ್ಚುತ್ತಿದ್ದರು. ಬಲಗೈ ಮೇಲೆತ್ತಿದರೆ ಅಂಗೀಕಾರ, ಮೇಜು ತಟ್ಟಿದರೆ ತಿರಸ್ಕಾರ, ಸುಮ್ಮನಿದ್ದರೆ ಹದಿನೇಳನೆಯ ನಿಯಮದ ಪ್ರಕಾರ ಒಪ್ಪಿಗೆ. ಎತ್ತಿದ ಕೈಯನ್ನು ಅವರು ಸುಲಭಕ್ಕೆ ಇಳಿಸುತ್ತಿರಲಿಲ್ಲ. ಮೇಷ್ಟ್ರು ಕಿವಿಯ ಹತ್ತಿರ ಬಗ್ಗಿ, “ಬರೆದುಕೊಂಡಾಯಿತು, ಅಧ್ಯಕ್ಷರೇ” ಎಂದ ಮೇಲೆಯೇ ಇಳಿಸುವುದು. ಗಾಡಿ ಪೂರ್ತಿ ದಾಟುವ ತನಕ ಬಾವುಟ ಇಳಿಸಬಾರದಲ್ಲವೇ! ಗೋಡೆಯ ಮೇಲೆ ಹಿಂದಿನ ಅಧ್ಯಕ್ಷರ ಫೋಟೋಗಳು ಸಾಲಾಗಿದ್ದವು. ಸತ್ತವರೆಲ್ಲ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರು. ಬದುಕಿದ್ದವರೊಬ್ಬರು ಕಣ್ಣು ಮುಚ್ಚಿ ಕೂತಿರುತ್ತಿದ್ದರು.

ಆ ವರ್ಷದ ಮಹಾಸಭೆಯಲ್ಲಿ ಇದ್ದದ್ದು ಒಂದೇ ದೊಡ್ಡ ವಿಷಯ. ವಾಚನಾಲಯದ ಹಿಂದುಗಡೆ ಒಂದು ಕೋಣೆ ಇತ್ತು. ಅದರಲ್ಲಿ ಬೀಗದ ಅಜ್ಜಿ ಇದ್ದರು. ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಓದುತ್ತ ನಿದ್ದೆ ಹೋದವರನ್ನು ಎಬ್ಬಿಸುವುದು, ಬೀಗ ಹಾಕುವುದು, ಇಷ್ಟನ್ನು ಇಪ್ಪತ್ತೆಂಟು ವರ್ಷದಿಂದ ಮಾಡಿಕೊಂಡು ಬಂದವರು. ಹಿಂದೆ ಮುಂದೆ ಯಾರೂ ಇಲ್ಲ. ಕೋಣೆಯಲ್ಲಿರಲು ಅವರಿಗೆ ಸಂಘ ಕೊಟ್ಟಿದ್ದ ಅನುಮತಿ ಆ ವರ್ಷಕ್ಕೆ ಮುಗಿಯುತ್ತಿತ್ತು. ಮುಂದುವರಿಸಬೇಕು ಎಂದು ಹೊಲಿಗೆ ಟೀಚರು ಗೊತ್ತುವಳಿ ತಂದಿದ್ದರು. ಔಷಧಿ ಅಂಗಡಿಯವರು ಬೇಡವೆನ್ನುತ್ತಿದ್ದರು. ಅವರಿಗೆ ಆ ಕೋಣೆಯಲ್ಲಿ ಒಂದು ದುಂಡು ಮೇಜು, ಸುತ್ತ ಎಂಟು ಕುರ್ಚಿ, ಬಾಗಿಲ ಮೇಲೆ ‘ಕಾರ್ಯಕಾರಿ ಸಮಿತಿ’ ಎಂಬ ಹಲಗೆ ಬೇಕಾಗಿತ್ತು. ಹಲಗೆಯನ್ನು ಆಗಲೇ ಬರೆಸಿಯೂ ಇಟ್ಟಿದ್ದರು.

ಸಭೆ ಮೂರು ಗಂಟೆಗೆ. ಕೂರುವ ಮೊದಲು ಅಧ್ಯಕ್ಷರು ಮೇಷ್ಟ್ರ ತೋಳು ಹಿಡಿದರು. ಆ ಕೈ ಬಿಸಿಲಲ್ಲೂ ತಣ್ಣಗಿತ್ತು.

“ಮೇಷ್ಟ್ರೇ, ಯಾಕೋ ಇವತ್ತು ತುಂಬ ಜೋಂಪು. ಅಜ್ಜಿ ಕೋಣೆ ವಿಷಯ ಬಂದಾಗ ನನ್ನ ಎಬ್ಬಿಸ್ಬಿಡಿ. ಎಂಥ ನಿದ್ದೇಲಿದ್ರೂ ಎಬ್ಬಿಸಿ.”

“ಎಬ್ಬಿಸ್ತೀನಿ ಸಾರ್” ಎಂದರು ಮೇಷ್ಟ್ರು. ಕೊಟ್ಟ ಮಾತಿಗೆ ತಪ್ಪುವವರಲ್ಲ ಅವರು. ಎಲ್ಲ ಎಡವಟ್ಟೂ ಅಲ್ಲಿಂದಲೇ ಶುರುವಾಯಿತು.

ಹಳೆಯ ಪತ್ರಿಕೆಗಳನ್ನು ಕಟ್ಟಿಡುವ ವಿಷಯ ಬಂತು. ಅಧ್ಯಕ್ಷರು ಸುಮ್ಮನಿದ್ದರು, ಒಪ್ಪಿಗೆ. ಹೊಸ ಗಡಿಯಾರದ ವಿಷಯ ಬಂತು. ಸುಮ್ಮನಿದ್ದರು, ಒಪ್ಪಿಗೆ. ನಾಲ್ಕು ಗಂಟೆ ಐದು ನಿಮಿಷಕ್ಕೆ ಔಷಧಿ ಅಂಗಡಿಯವರನ್ನು ಉಪಾಧ್ಯಕ್ಷರನ್ನಾಗಿ ಆರಿಸುವ ವಿಷಯ ಬಂತು. ಎದುರಾಳಿಗಳಿರಲಿಲ್ಲ. ಅಧ್ಯಕ್ಷರು ಎಂದಿಗಿಂತ ಹೆಚ್ಚು ಸುಮ್ಮನಿದ್ದರು, ಒಪ್ಪಿಗೆ. ಔಷಧಿ ಅಂಗಡಿಯವರು ಎದ್ದು ಕೈಮುಗಿದು, “ಅಧ್ಯಕ್ಷರ ಮೌನದಲ್ಲಿ ಎಷ್ಟು ಪ್ರೀತಿ ಇದೆ ನೋಡಿ” ಎಂದು ಕಣ್ಣು ಒರೆಸಿಕೊಂಡರು. ಒಂದು ನೊಣ ಬಂದು ಅಧ್ಯಕ್ಷರ ರೆಪ್ಪೆಯ ಮೇಲೆ ಕೂತಿತು. ಏಳಲಿಲ್ಲ. ಮೇಷ್ಟ್ರು ಪುಸ್ತಕದಿಂದ ಗಾಳಿ ಬೀಸಿ ಅದನ್ನು ಓಡಿಸಿದರು. ಅಧ್ಯಕ್ಷರ ಮುಖದ ನೊಣ ಓಡಿಸುವುದು ಸಲಹೆಯಲ್ಲಿ ಸೇರುತ್ತದೆಯೇ ಎಂಬ ಅನುಮಾನ ಬಂದು, ಹುಡುಕಿದರು. ಛತ್ರಿಯ ನಿಯಮ ಸಿಕ್ಕಿತು.

ನಾಲ್ಕು ಮೂವತ್ತೈದಕ್ಕೆ ಕೋಣೆಯ ವಿಷಯ ಬಂತು. ಮೇಜಿನ ಮುಂದೆ ಹದಿನಾಲ್ಕು ಜನ ಸದಸ್ಯರಿದ್ದರು. ಅಜ್ಜಿಯ ಪರ ಏಳು ಕೈ ಎದ್ದವು. ವಿರುದ್ಧ ಏಳು ಕೈ ಎದ್ದವು. ಮೇಷ್ಟ್ರು ಎರಡೆರಡು ಸಲ ಎಣಿಸಿದರು. ಬಾಗಿಲ ಹತ್ತಿರ ಅಜ್ಜಿ ಬೀಗದ ಕೈಗೊಂಚಲನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ಸಮಸಮ ಬಂದರೆ ಅಧ್ಯಕ್ಷರಿಗೆ ಒಂದು ನಿರ್ಣಾಯಕ ಮತ. ಸಮಸಮ ಬಂದಾಗ ಮಾತ್ರ. ಬೇರೆ ಹೊತ್ತಿನಲ್ಲಿ ಅವರಿಗೆ ಮತವೇ ಇಲ್ಲ. ಅದಕ್ಕೆ ಮೌನ ಸಾಲದು, ಕೈ ಎತ್ತಲೇಬೇಕು. ಆ ಮತ ಬೀಳದಿದ್ದರೆ ಗೊತ್ತುವಳಿ ಬಿದ್ದುಹೋಗುತ್ತದೆ, ಅಜ್ಜಿ ಬೀದಿಗೆ.

ಮೇಷ್ಟ್ರು ಅಧ್ಯಕ್ಷರ ಕಿವಿಗೆ ಬಗ್ಗಿದರು. “ಅಧ್ಯಕ್ಷರೇ, ಕೋಣೆ ವಿಷಯ ಬಂತು. ಎದ್ದೇಳಿ. ಏಳಕ್ಕೆ ಏಳು. ನಿಮ್ಮ ಮತ ಬೇಕು.”

ಉತ್ತರವಿಲ್ಲ. ಮೇಷ್ಟ್ರು ಇನ್ನೂ ಹತ್ತಿರ ಬಗ್ಗಿದರು. “ಅಜ್ಜಿ ಕೋಣೆ, ಸಾರ್.”

ಅಧ್ಯಕ್ಷರ ಬಲಗೈ ಎದ್ದಿತು. ಅವಸರವಿಲ್ಲದೆ, ದೂರದ ಗಾಡಿಗೆ ತೋರಿಸುವಂತೆ, ನೆಟ್ಟಗೆ ತಲೆಯ ಮೇಲಕ್ಕೆ ಎದ್ದು ನಿಂತಿತು. ಗೋಡೆಯ ಗಡಿಯಾರ ನಾಲ್ಕು ನಲವತ್ತು ತೋರಿಸುತ್ತಿತ್ತು.

ಚಪ್ಪಾಳೆ ಬಿತ್ತು. ಹೊಲಿಗೆ ಟೀಚರು ಅಜ್ಜಿಯನ್ನು ತಬ್ಬಿಕೊಂಡರು. ಸಂಘದ ಸದಸ್ಯರೇ ಆದ ಹಲ್ಲಿನ ಡಾಕ್ಟರು ತಾವು ಸೋತ ಕಡೆಯವರಾದರೂ ದೊಡ್ಡತನ ತೋರಿಸಲೆಂದು ಬಂದು, ಅಧ್ಯಕ್ಷರ ಎಡಗೈ ಹಿಡಿದು ಕುಲುಕಿದರು. ಕುಲುಕುತ್ತಲೇ ಇದ್ದರು. ಆಮೇಲೆ ಕೈಬಿಟ್ಟು, ಕೊರಳು ಮುಟ್ಟಿ ನೋಡಿ, ರೆಪ್ಪೆ ಎತ್ತಿ ನೋಡಿ, ಅಭ್ಯಾಸಬಲದಿಂದ ಬಾಯಿಯನ್ನೂ ತೆರೆದು ನೋಡಿದರು.

“ಹೋಗ್ಬಿಟ್ಟಿದ್ದಾರೆ” ಎಂದರು.

“ಎಲ್ಲಿಗೆ?” ಎಂದರು ಔಷಧಿ ಅಂಗಡಿಯವರು.

“ಎಲ್ಲಿಗೆ ಅಂದ್ರೆ! ಮೇಲಕ್ಕೆ ರೀ. ಮೈ ಮಂಜುಗಡ್ಡೆ ಆಗಿದೆ. ಒಂದು ಗಂಟೆನಾದ್ರೂ ಆಗಿದೆ.”

“ಈಗ ತಾನೇ ಕೈ ಎತ್ತಿದ್ರಲ್ರೀ!”

“ನಾನು ಹಲ್ಲಿನ ಡಾಕ್ಟರು. ಕೈ ವಿಷಯ ನನ್ನ ಕೇಳ್ಬೇಡಿ.”

ಆಗ ಎಲ್ಲರೂ ಆ ಕೈಯ ಕಡೆ ನೋಡಿದರು. ಅದು ಹಾಗೇ ನಿಂತಿತ್ತು. ನಾಲ್ಕು ಜನ ಸೇರಿ ಇಳಿಸಲು ನೋಡಿದರು, ಬಾಗಲಿಲ್ಲ. ಬಡಗಿಯೊಬ್ಬರು ಸದಸ್ಯರಾಗಿದ್ದರು, ಅವರು ಮೊಣಕೈಯ ಹತ್ತಿರ ಸದ್ದು ಕೇಳಿ ನೋಡಿ, “ಮರವಾದ್ರೆ ಏನಾದ್ರೂ ಮಾಡ್ಬಹುದಿತ್ತು” ಎಂದು ಹಿಂದೆ ಸರಿದರು. ಮೇಷ್ಟ್ರಿಗೆ ಓಡಿಹೋಗಬೇಕೆನಿಸಿತು. ಆದರೂ ಕ್ರಮ ಎಂದರೆ ಕ್ರಮ. ಅವರು ಕಿವಿಯ ಹತ್ತಿರ ಬಗ್ಗಿ, “ಬರೆದುಕೊಂಡಾಯಿತು, ಅಧ್ಯಕ್ಷರೇ” ಎಂದರು.

ಕೈ ಮೆಲ್ಲಗೆ ಇಳಿದು ಮಡಿಲಲ್ಲಿ ಕೂತಿತು.

ಮಾರನೆಯ ದಿನವೇ ಊರು ಎರಡಾಯಿತು. “ಮೇಷ್ಟ್ರೇ ಪಕ್ಕದಲ್ಲಿ ಕೂತು ಮೊಣಕೈಗೆ ತಮ್ಮ ಕೈ ಕೊಟ್ಟು ಎತ್ತಿದ್ದಾರೆ, ಬೊಂಬೆ ಆಡಿಸಿದ ಹಾಗೆ” ಎಂದು ಒಂದು ಕಡೆಯವರು. “ಮೇಷ್ಟ್ರ ಮಾತು ಆ ಲೋಕಕ್ಕೂ ಕೇಳಿಸುತ್ತೆ” ಎಂದು ಇನ್ನೊಂದು ಕಡೆಯವರು. ತಾವು ಎತ್ತಲಿಲ್ಲ ಎಂಬುದು ಇಡೀ ಊರಿನಲ್ಲಿ ಖಂಡಿತವಾಗಿ ಗೊತ್ತಿದ್ದದ್ದು ಮೇಷ್ಟ್ರೊಬ್ಬರಿಗೇ. ಆದ್ದರಿಂದ ಊರಿನಲ್ಲಿ ನಿಜವಾಗಿ ಹೆದರಿದ್ದವರೂ ಅವರೊಬ್ಬರೇ.

ಎರಡನೆಯ ಗುಂಪಿನವರು ಮನೆಗೇ ಬರತೊಡಗಿದರು. ಮೊದಲು ಬಂದವರು ಮೇಷ್ಟ್ರ ಮಗಳನ್ನು ಕೊಟ್ಟ ಮನೆಯ ಬೀಗಿತ್ತಿ.

“ಬೀಗರೇ, ನಮ್ಮತ್ತೆ ಹೋಗೋ ಮುಂಚೆ ನನ್ನ ಕಡೆ ಕೈ ತೋರ್ಸಿ, ‘ಇವಳು ಇದ್ದಾಳಲ್ಲ, ಇವಳು’ ಅಂದ್ರು. ಅಷ್ಟಕ್ಕೇ ಉಸಿರು ನಿಂತೋಯ್ತು. ಹನ್ನೊಂದು ವರ್ಷ ಆಯ್ತು. ಅದು ಆಶೀರ್ವಾದನೋ ಬೈಗುಳನೋ ಒಂದು ಮಾತು ಕೇಳಿ ಹೇಳಿ.”

“ಅಮ್ಮಾ, ನಾನು ಬರೀ ಸಲಹೆಗಾರ. ನನಗೆ ಅಂಥದ್ದೆಲ್ಲ...”

“ನೀವು ಸಲಹೇನೇ ಕೊಡಿ. ಉತ್ತರ ಅವರು ಕೊಡ್ತಾರೆ.”

ಒಳಗಿಂದ ಮೇಷ್ಟ್ರ ಹೆಂಡತಿ, “ಬದುಕಿರೋ ನಾನು ಕೂಗಿದ್ರೆ ಈ ಮನುಷ್ಯನಿಗೆ ಕೇಳ್ಸಲ್ಲ. ಸತ್ತೋರು ಪಿಸುಗುಟ್ಟಿದ್ರೆ ಕೇಳ್ಸತ್ತಂತೆ. ಸತ್ತೇ ನೋಡ್ಬೇಕೇನೋ ನಾನು!” ಎಂದರು.

ಬೀಗಿತ್ತಿಯನ್ನು ಕಳಿಸಿದರೆ ಸಾಕೆಂದು ಮೇಷ್ಟ್ರು ಗಾಳಿಯ ಕಡೆ ಬಗ್ಗಿ, ಏನೋ ಮೆಲ್ಲಗೆ ಗುನುಗಿದರು. ತಕ್ಷಣ ಅವರ ಎಡಗೆನ್ನೆಗೆ ತಣ್ಣಗಾಯಿತು. ಯಾರೋ ತಲೆ ವಾಲಿಸಿ ಕಿವಿಯನ್ನು ಅವರ ಬಾಯಿಯ ಹತ್ತಿರ ತಂದ ಹಾಗೆ. ಕಲ್ಲಿದ್ದಲ ಹೊಗೆ ಹಿಡಿದ ಹಳೆಯ ಕೋಟಿನ ವಾಸನೆ. ಮಾತಿಲ್ಲ, ಉಸಿರಿಲ್ಲ, ಬರೀ ಕೇಳಿಸಿಕೊಳ್ಳುವ ಮೌನ. ಮೇಷ್ಟ್ರು ಕುರ್ಚಿಸಮೇತ ಹಿಂದಕ್ಕೆ ಬಿದ್ದರು.

“ಅಯ್ಯೋ, ಅಷ್ಟೊಂದು ಕೆಟ್ಟದಾಗಿ ಬೈದ್ರಾ ನಮ್ಮತ್ತೆ?” ಎಂದು ಬೀಗಿತ್ತಿ ಅಳುತ್ತ ಹೊರಟುಹೋದರು.

ಅಂದಿನಿಂದ ಮೇಷ್ಟ್ರು ಮೆಲ್ಲಗೆ ಮಾತಾಡುವುದನ್ನೇ ಬಿಟ್ಟರು. ನೀರು ಬೇಕಾದರೂ ಕೂಗಿ ಕೇಳುತ್ತಿದ್ದರು. ಪ್ರಾರ್ಥನೆಯನ್ನೂ ಗಟ್ಟಿಯಾಗಿ ಮಾಡತೊಡಗಿದರು. “ದೇವರಿಗೆ ಕಿವುಡು ಬಂತೇನ್ರೀ?” ಎಂದು ಪಕ್ಕದ ಮನೆಯವರು ಗೋಡೆಯ ಮೇಲಿಂದ ವಿಚಾರಿಸಿದರು.

ಔಷಧಿ ಅಂಗಡಿಯವರು ಸುಮ್ಮನೆ ಕೂರುವವರಲ್ಲ. ಸತ್ತವರ ಮತ ಮತವೇ ಅಲ್ಲ ಎಂದು ಸಂಘಗಳ ಕಚೇರಿಗೆ ದೂರು ಬರೆದರು. ಮೇಷ್ಟ್ರಿಗೆ ಕರೆ ಬಂತು. ಗುಮಾಸ್ತರು ಉದ್ದನೆಯ ಫಾರಂ ಹರವಿಕೊಂಡು ಕೂತಿದ್ದರು.

“ನಾಲ್ಕು ನಲವತ್ತಕ್ಕೆ ಅಧ್ಯಕ್ಷರು ಸಭೆಗೆ ಹಾಜರಿದ್ರಾ?”

“ಇದ್ರು.”

“ಮತ್ತೇನು ದೂರು?”

“ಬದುಕಿದ್ರೋ ಇಲ್ವೋ ಅಂತ.”

ಗುಮಾಸ್ತರು ಫಾರಂ ಮೇಲೆ ಕೆಳಗೆ ನೋಡಿದರು. “ಹಾಜರು ಅಂತ ಒಂದು ಕಾಲಂ ಇದೆ, ಗೈರುಹಾಜರು ಅಂತ ಒಂದು ಕಾಲಂ ಇದೆ. ಬದುಕಿದ್ರಾ ಅನ್ನೋ ಕಾಲಂ ಇಲ್ಲ.”

“ದೇಹ ಮಾತ್ರ ಹಾಜರಿತ್ತು ಅಂತ ಕಾಣತ್ತೆ, ಸಾರ್.”

“ಸ್ವಾಮೀ, ಈ ಕಚೇರಿಗೆ ನಾವೂ ದಿನಾ ಅಷ್ಟೇ ಹಾಜರಾಗೋದು” ಎಂದು ಗುಮಾಸ್ತರು ನಿಟ್ಟುಸಿರುಬಿಟ್ಟು, ಹದಿನೈದು ದಿನದೊಳಗೆ ಮತ್ತೆ ಸಭೆ ಸೇರಿ ತೀರ್ಮಾನಿಸಿ ಎಂದು ಆದೇಶ ಬರೆದುಕೊಟ್ಟರು. ಅಲ್ಲಿಯತನಕ ಕೋಣೆಯನ್ನು ಯಾರಿಗೂ ಖಾಯಂ ಮಾಡುವಂತಿಲ್ಲ.

ಅದನ್ನು ತಿಳಿಸಲು ಮೇಷ್ಟ್ರು ಔಷಧಿ ಅಂಗಡಿಗೆ ಹೋದಾಗ ಅಲ್ಲಿ ಹಲ್ಲಿನ ಡಾಕ್ಟರಿದ್ದರು. ಔಷಧಿ ಅಂಗಡಿಯವರ ಮುಖದಲ್ಲಿ ಚಿಂತೆ. ಅಧ್ಯಕ್ಷರು ಒಂದು ಗಂಟೆ ಮೊದಲೇ ಹೋಗಿದ್ದರೆ ಅವರ ಕೈ ಮಾತ್ರವಲ್ಲ, ಮೌನವೂ ರದ್ದಾಗುತ್ತದೆ. ಮೌನ ರದ್ದಾದರೆ ಇವರು ಉಪಾಧ್ಯಕ್ಷರಾದದ್ದೂ ರದ್ದು!

“ಡಾಕ್ಟ್ರೇ, ಅವರು ಎಷ್ಟು ಗಂಟೆಗೆ ಹೋದ್ರು ಅಂತೀರಿ?”

“ಮೂರೂಮುಕ್ಕಾಲು.”

“ನಾನು ಉಪಾಧ್ಯಕ್ಷ ಆಗಿದ್ದು ನಾಲ್ಕು ಐದಕ್ಕೆ. ಇನ್ನೊಂದು ಅರ್ಧ ಗಂಟೆ ಬದುಕಿಸೋಕಾಗಲ್ವಾ?”

“ಬದುಕಿದ್ದಾಗ ಕೇಳಿದ್ರೆ ಪ್ರಯತ್ನ ಮಾಡ್ಬಹುದಿತ್ತು.”

“ಕಾಗದದ ಮೇಲೆ ಬದುಕಿಸಿ ಸಾಕು.”

“ನಾಲ್ಕೂವರೆ ಅಂತ ಬರೀಲಾ?”

“ಬೇಡ ಬೇಡ. ತೀರ ಹತ್ತಿರ ಬರತ್ತೆ. ಕೈ ಎತ್ತೋ ಹೊತ್ತಿಗೆ ಚೆನ್ನಾಗಿ ಸತ್ತಿರ್ಬೇಕು. ನಾಲ್ಕೂಕಾಲು ಬರೀರಿ.”

ಡಾಕ್ಟರು ಬರೆದುಕೊಟ್ಟರು. ಮೇಷ್ಟ್ರು ತಡೆಯಲಾರದೆ, ಮರೆತು, ಮೆಲ್ಲಗೆ “ಕ್ರಿಯಾಲೋಪ” ಎಂದುಬಿಟ್ಟರು. ಎಡಗೆನ್ನೆ ತಣ್ಣಗಾಯಿತು. ಕಲ್ಲಿದ್ದಲ ವಾಸನೆ. ಕಪಾಟಿನ ಶೀಶೆಗಳೆಲ್ಲ ದೂರದಲ್ಲಿ ಗಾಡಿ ಹೋಗುವಾಗ ನಡುಗುವ ಹಾಗೆ ಸಣ್ಣಗೆ ಗಣಗಣ ಎಂದವು. ಆ ಊರಿನ ಹತ್ತಿರ ರೈಲು ಹಾದಿ ಇರಲಿಲ್ಲ.

“ಏನ್ರೀ ಮೇಷ್ಟ್ರೇ, ಬಾಗಿಲು ಮುಚ್ರೀ, ಚಳಿ ಗಾಳಿ ಬರ್ತಿದೆ” ಎಂದರು ಔಷಧಿ ಅಂಗಡಿಯವರು. ಬಾಗಿಲು ಮುಚ್ಚಿಯೇ ಇತ್ತು.

ಸಭೆಯ ದಿನ ಬೆಳಿಗ್ಗೆ ಮೇಷ್ಟ್ರು ವಾಚನಾಲಯಕ್ಕೆ ಹೋದರು. ಅಜ್ಜಿ ಕೋಣೆಯಲ್ಲಿ ಗಂಟು ಕಟ್ಟುತ್ತಿದ್ದರು. ಎರಡು ಸೀರೆ, ಒಂದು ಕಂಬಳಿ, ಒಂದು ದೇವರ ಪಟ. ಇಪ್ಪತ್ತೆಂಟು ವರ್ಷ ಅಷ್ಟರಲ್ಲಿ ಹಿಡಿಸಿತ್ತು.

“ಈಗಲೇ ಯಾಕಜ್ಜಿ ಕಟ್ತೀರಿ?”

“ಹೇಳಿಸ್ಕೊಂಡು ಕಟ್ಟೋದಕ್ಕಿಂತ ಕಟ್ಟಿಟ್ಕೊಂಡು ಹೇಳಿಸ್ಕೊಳ್ಳೋದು ವಾಸಿ ಕಣಪ್ಪ.” ಅವರು ಹೊರಗಿನ ಮೇಜಿನ ಕಡೆ ಕಣ್ಣು ತೋರಿಸಿದರು. “ಅಧ್ಯಕ್ಷರ ಕುರ್ಚೀನ ದಿನಾ ಮೇಜಿಗೆ ಸೇರ್ಸಿ ಬೀಗ ಹಾಕ್ತೀನಿ. ಬೆಳಿಗ್ಗೆ ತೆಗೆದ್ರೆ ನನ್ನ ಬಾಗಿಲ ಕಡೆ ತಿರುಗಿರತ್ತೆ.”

ಮೇಷ್ಟ್ರು ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ ಸರಿದರು. “ಭಯ ಆಗಲ್ವಾ ನಿಮಗೆ?”

“ಬೀದಿ ನೆನೆಸ್ಕೊಂಡ್ರೆ ಭಯ. ಕುರ್ಚಿ ಏನು ಮಾಡತ್ತೆ ಪಾಪ.” ಅಜ್ಜಿ ಗಂಟು ಬಿಗಿದು ಮೇಷ್ಟ್ರ ಮುಖ ನೋಡಿದರು. “ನಿಜ ಹೇಳು. ಅವತ್ತು ಅವರ ಕೈನ ನೀನು ಎತ್ತಿದ್ಯಾ?”

“ದೇವರಾಣೆ ಇಲ್ಲ ಅಜ್ಜಿ.”

“ಎತ್ತಿದ್ರೆ ಒಳ್ಳೇದಿತ್ತು. ನಿನಗೊಂದಿಷ್ಟು ಪುಣ್ಯ ಬರ್ತಿತ್ತು” ಎಂದು ಅಜ್ಜಿ ಪೊರಕೆ ತೆಗೆದುಕೊಂಡರು.

ಮೂರು ಗಂಟೆಗೆ ಸದಸ್ಯರು ಬಂದರು. ಹದಿನಾಲ್ಕು ಜನ ಮೊದಲಿನಂತೆ ಏಳು, ಏಳಾಗಿ ಎರಡು ಬದಿಗೆ ಕೂತರು. ಅಧ್ಯಕ್ಷರ ಕುರ್ಚಿ ಖಾಲಿ. ಅದರ ಪಕ್ಕದಲ್ಲಿ ಮೇಷ್ಟ್ರು. ಯಾರೂ ಆ ಕುರ್ಚಿಯನ್ನು ನೇರವಾಗಿ ನೋಡುತ್ತಿರಲಿಲ್ಲ. ನೋಡದೆ ಇರುವುದಕ್ಕೂ ಆಗುತ್ತಿರಲಿಲ್ಲ. ಕಿಟಕಿಯ ಬಿಸಿಲು ಎಲ್ಲ ಕುರ್ಚಿಗಳ ನೆರಳನ್ನೂ ನೆಲದ ಮೇಲೆ ಉದ್ದಕ್ಕೆ ಚಾಚಿತ್ತು. ಆ ಒಂದು ಕುರ್ಚಿಯ ನೆರಳಿಗೆ ಮಾತ್ರ ಭುಜಗಳಿದ್ದವು.

“ಅಧ್ಯಕ್ಷರಿಲ್ಲದಾಗ ಉಪಾಧ್ಯಕ್ಷರು ಅಧ್ಯಕ್ಷತೆ ವಹಿಸತಕ್ಕದ್ದು” ಎಂದು ಔಷಧಿ ಅಂಗಡಿಯವರು ಎದ್ದರು. ಅವರು ಅಂದು ಹೊಸ ಕೋಟು ಹಾಕಿದ್ದರು.

ಲೆಕ್ಕ ಮೇಷ್ಟ್ರಿಗೆ ಆಗಲೇ ಹೊಳೆದಿತ್ತು. ಇವರು ಕುರ್ಚಿಗೆ ಹೋದರೆ ಇವರ ಬದಿಯಲ್ಲಿ ಉಳಿಯುವುದು ಆರೇ ಕೈ. ಸುಮ್ಮನಿದ್ದರೆ ಅಜ್ಜಿ ಗೆಲ್ಲುತ್ತಾರೆ. ಆದರೆ ಸಲಹೆಗಾರನಾದವನು ಪಕ್ಷ ನೋಡಿ ಬಾಯಿ ಮುಚ್ಚುವುದು ದೇವರು ಮೆಚ್ಚುವ ಕೆಲಸವೇ? ಮೇಷ್ಟ್ರು ಬೀಗದ ಅಜ್ಜಿಯ ಕಡೆ ಒಂದು ಸಲ ನೋಡಿ, ಕಣ್ಣು ಮುಚ್ಚಿ, ಎದ್ದು ನಿಂತರು.

“ಸಾರ್, ಕೂರೋದಕ್ಕೆ ಮುಂಚೆ ಒಂದು ಮಾತು. ಆ ಕುರ್ಚೀಲಿ ಕೂತ್ರೆ ನಿಮ್ಮ...”

“ಸಲಹೆಗಾರರು ಅಧ್ಯಕ್ಷರು ಕೇಳಿದಾಗ ಮಾತ್ರ ಮಾತಾಡ್ಬೇಕು. ಯಾವ ನಿಯಮ ಅದು?”

“ಒಂಬತ್ತು. ಆದ್ರೆ ಸಾರ್, ನಿಮ್ಮ ಮತ...”

“ನಾನು ಕೇಳಿದ್ನಾ?”

“ಇಲ್ಲ.”

“ಕೂತ್ಕೊಳ್ಳಿ ಹಾಗಾದ್ರೆ. ಕೈ ಎರಡೂ ಎಲ್ಲರಿಗೂ ಕಾಣೋ ಹಾಗೆ ಮೇಜಿನ ಮೇಲಿಡಿ. ಅವತ್ತಿನ ಆಟ ಇವತ್ತು ನಡೆಯಲ್ಲ.”

ಮೇಷ್ಟ್ರು ಎರಡೂ ಕೈ ಮೇಜಿನ ಮೇಲಿಟ್ಟು ಕೂತರು. ಔಷಧಿ ಅಂಗಡಿಯವರು ಅಧ್ಯಕ್ಷರ ಕುರ್ಚಿಯಲ್ಲಿ ಕೂತು, ಮೈ ಒಮ್ಮೆ ಜುಮ್ಮೆಂದು, ಕೋಟಿನ ಗುಂಡಿ ಹಾಕಿಕೊಂಡರು. ಎದುರುಗಡೆ ಅವರು ಬಿಟ್ಟು ಬಂದ ಕುರ್ಚಿ ಖಾಲಿಯಾಯಿತು.

ಡಾಕ್ಟರ ಕಾಗದವನ್ನು ಓದಿ, ನಾಲ್ಕು ನಲವತ್ತರ ಮತ ರದ್ದು ಎಂದು ಹೊಸ ಅಧ್ಯಕ್ಷರು ತೀರ್ಪು ಕೊಟ್ಟರು. ಗೊತ್ತುವಳಿಯನ್ನು ಮತ್ತೆ ಮತಕ್ಕೆ ಹಾಕಿದರು. ಪರ ಏಳು ಕೈ. ವಿರುದ್ಧ ಆರು ಕೈ. “ನಂದೂ ಸೇರಿ ಏಳು! ಸಮಸಮ, ಗೊತ್ತುವಳಿ ಬಿತ್ತು!” ಎಂದು ಅವರು ಕೂಗಿದರು.

ಹೊಲಿಗೆ ಟೀಚರು ಎದ್ದರು. “ಅಧ್ಯಕ್ಷರಿಗೆ ಮತ ಇದೆಯಾ ಅಂತ ಸಲಹೆಗಾರರನ್ನ ಕೇಳಿ.”

“ಕೇಳೋಕೇನು? ಹೇಳ್ರೀ ಮೇಷ್ಟ್ರೇ!”

ಮೇಷ್ಟ್ರು ಪುಸ್ತಕ ತೆರೆದರು. ಜೀವಮಾನದಲ್ಲಿ ಮೊದಲ ಸಲ ಬೇಕಾದ ಚೀಟಿಯೇ ಕೈಗೆ ಸಿಕ್ಕಿತು. “ಇಪ್ಪತ್ತನೇ ನಿಯಮ. ಸಭೆಯ ಮತ ಸಮಸಮ ಬಂದಾಗ ಮಾತ್ರ ಅಧ್ಯಕ್ಷರಿಗೆ ಮತ. ಈಗ ಏಳು, ಆರು. ನಿಮಗೆ ಮತ ಇಲ್ಲ, ಸಾರ್. ಆಗಲೇ ಹೇಳೋಕೆ ಬ...”

“ಹಾಗಾದ್ರೆ ನಾನು ಈ ಕುರ್ಚಿಯಿಂದ ಇಳೀತೀನಿ!”

“ಮತ ಎಣಿಸೋವಾಗ ಅಧ್ಯಕ್ಷರು ಕುರ್ಚಿ ಬಿಡೋ ಹಾಗಿಲ್ಲ. ಇಪ್ಪತ್ತೊಂದು.”

“ನಿಯಮ ಮನೆ ಹಾಳಾಗ್ಲಿ! ನೀವು ಬರೀ ಸಲಹೆಗಾರರು. ತೀರ್ಪು ನಂದು. ನಾನು ಮೇಜು ತಟ್ತೀನಿ, ಗೊತ್ತುವಳಿ ತಿರಸ್ಕಾರ!”

ಆ ಮಾತೂ ಸುಳ್ಳಲ್ಲ. ಸಲಹೆಯನ್ನು ಕೇಳಿ ಬಿಡುವ ಹಕ್ಕು ಅಧ್ಯಕ್ಷರಿಗಿದೆ. ತಟ್ಟಿದರೆ ಮುಗಿಯಿತು. ಬಾಗಿಲ ಹತ್ತಿರ ಅಜ್ಜಿ ಗಂಟನ್ನು ಕೈಗೆತ್ತಿಕೊಂಡರು.

ತಟ್ಟಿದ ಸದ್ದು ಬರಲಿಲ್ಲ.

ಔಷಧಿ ಅಂಗಡಿಯವರ ಬಲಗೈ ಕುರ್ಚಿಯ ತೋಳಿನ ಮೇಲಿತ್ತು. ಅವರು ಎಳೆದರು. ಬರಲಿಲ್ಲ. ಭುಜ ಏರಿತು, ಕುತ್ತಿಗೆಯ ನರ ಉಬ್ಬಿತು, ಹೊಸ ಕೋಟಿನ ಕಂಕುಳು ಪರ್ ಎಂದು ಹರಿಯಿತು. ಕೈ ಮಾತ್ರ ಅಲ್ಲಾಡಲಿಲ್ಲ. ಅದರ ಮೇಲೆ ಇನ್ನೊಂದು ಕೈ, ಸಮಾಧಾನವಾಗಿ, ಸಿಟ್ಟಿಲ್ಲದೆ ಕೂತ ಹಾಗೆ ಬೆರಳುಗಳು ಮೆಲ್ಲಮೆಲ್ಲಗೆ ಬೆಳ್ಳಗಾಗುತ್ತಿದ್ದವು.

“ಮೇಷ್ಟ್ರೇ, ಬಿಡ್ರೀ ನನ್ನ ಕೈನ!”

ಹದಿಮೂರು ಜನ ಮೇಷ್ಟ್ರ ಕಡೆ ನೋಡಿದರು. ಅವರ ಎರಡೂ ಕೈ ಮೇಜಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇದ್ದವು.

“ಏನ್ರೀ ಇದು?” ಔಷಧಿ ಅಂಗಡಿಯವರ ದನಿ ಈಗ ತೀರ ಸಣ್ಣದಾಗಿತ್ತು. “ಏನು ಮಾಡ್ಬೇಕ್ರೀ ನಾನು?”

“ಇದು ಅಧ್ಯಕ್ಷರು ಸಲಹೆಗಾರನನ್ನ ಕೇಳ್ತಿರೋದಾ, ಸಾರ್?” ಎಂದರು ಮೇಷ್ಟ್ರು. ಕ್ರಮ ಎಂದರೆ ಕ್ರಮ.

“ಹೌದ್ರೀ, ಕೇಳ್ತಿದ್ದೀನಿ! ಕೈ ಮುಗಿದು ಕೇಳ್ತಿದ್ದೆ, ಕೈ ಬಂದಿದ್ರೆ!”

ಮೇಷ್ಟ್ರು ಎಷ್ಟೋ ದಿನಗಳ ಮೇಲೆ ಮೆಲ್ಲಗೆ ಮಾತಾಡಿದರು. ಕಿವಿಯ ಹತ್ತಿರ ಬಗ್ಗಿದಾಗ ಅವರ ಮೂಗಿಗೆ ಹೊಸ ಕೋಟಿನ ವಾಸನೆ ಬರಲಿಲ್ಲ. ಕಲ್ಲಿದ್ದಲ ಹೊಗೆಯ ವಾಸನೆ ಬಂತು. “ಏಳಕ್ಕೆ ಆರು. ಇದ್ದದ್ದನ್ನ ಇದ್ದ ಹಾಗೆ ಹೇಳ್ಬಿಡಿ, ಅಧ್ಯಕ್ಷರೇ. ನನಗೆ ತಿಳಿದಿರೋ ಸಲಹೆ ಇಷ್ಟೇ.”

“ಅಂಗೀಕಾರ” ಎಂದರು ಔಷಧಿ ಅಂಗಡಿಯವರು.

ಕೈ ಬಿಟ್ಟುಕೊಂಡಿತು. ಅವರು ಅದನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡರು. ಅದರ ಹಿಂಬದಿಯಲ್ಲಿ ನಾಲ್ಕು ಬೆರಳಿನ ಗುರುತು ಬೆಳ್ಳಗೆ ಎದ್ದಿತ್ತು. ಹಲ್ಲಿನ ಡಾಕ್ಟರು ದೂರದಿಂದಲೇ ನೋಡಿ, ಇದೂ ತಮ್ಮ ವಿಷಯವಲ್ಲ ಎಂದು ತಲೆ ಆಡಿಸಿದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ಏಳಲೂ ಇಲ್ಲ. ಮುಂದೇನು ಎಂದು ಹೇಳಬೇಕಾದ ಅಧ್ಯಕ್ಷರು ಬಾಯಿ ತೆರೆದುಕೊಂಡು ಕೂತಿದ್ದರು. ಸಭೆಯನ್ನು ಬರಖಾಸ್ತು ಮಾಡುವ ನಿಯಮ ಎಷ್ಟನೆಯದೆಂದು ಮೇಷ್ಟ್ರಿಗೆ ಎಷ್ಟು ನೆನೆಸಿದರೂ ನೆನಪಾಗಲಿಲ್ಲ. ಬಾಗಿಲ ಹತ್ತಿರ ಅಜ್ಜಿ ಗಂಟನ್ನು ಕೆಳಗಿಟ್ಟರು. ಅದರ ಮೇಲೆ ಒಂದು ಗಳಿಗೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಎದ್ದು ಪೊರಕೆ ತಂದರು.

“ಹೊತ್ತಾಯ್ತು. ಏಳಿ ಎಲ್ಲರೂ” ಎಂದರು. “ಕಸ ಗುಡಿಸಿ ಬೀಗ ಹಾಕ್ಬೇಕು ನಾನು.”

ಆ ತೀರ್ಪಿಗೆ ಯಾರ ಸಲಹೆಯೂ ಬೇಕಾಗಲಿಲ್ಲ. ಹೊಸ ಅಧ್ಯಕ್ಷರು ಎದ್ದರು, ಹದಿಮೂರು ಜನ ಸದಸ್ಯರು ಎದ್ದರು, ಮೇಷ್ಟ್ರೂ ಎದ್ದರು. ಒಟ್ಟು ಹದಿನೈದು ಜನ. ಕುರ್ಚಿಗಳು ಹಿಂದೆ ಸರಿದ ಸದ್ದನ್ನು ಮೇಷ್ಟ್ರು ಅಭ್ಯಾಸಬಲದಿಂದ ಎಣಿಸಿಬಿಟ್ಟರು. ಹದಿನಾರು.